ನೀರಿನ ಮೇಲೆ ಇಳಿಜಾರಿಲ್ಲ

ಊಟಕ್ಕೆ ಕೂತ ಹಜರತ್ ಅಲಿ ಮೂರನೇ ಸಲ ಎದ್ದರು. ಬೆರಳಿಗೆ ಮುದ್ದೆ ಅಂಟಿಕೊಂಡೇ ಇತ್ತು. ಹಿರಿಯೂರಿನ ಹಳೆಯ ಹೆದ್ದಾರಿಯ ಪಕ್ಕ ಅವರ ಮನೆಯೂ ಶೆಡ್ಡೂ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿವೆ. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಆಯಿಲ್ ವಾಸನೆ. ಅವರು ಎಡಗೈಯನ್ನು ಇಂಜಿನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, ಮತ್ತೆ ಬಂದು ತಟ್ಟೆಯ ಮುಂದೆ ಕೂತರು.

"ಅಜೀ, ಅದಕ್ಕೇನು ಜ್ವರ ಬಂದೈತಾ?" ಎಂದರು ಹೆಂಡತಿ ಅಮೀನಾ ಬೀ.

"ಬರ್ಬೇಕಿತ್ತು. ಆರು ತಾಸು ಓಡೈತೆ, ಬೆಚ್ಚಗೆ ಮಾತ್ರ ಆಗೈತೆ. ಅದೇ ನನಗೆ ಸರಿ ಕಾಣ್ತಿಲ್ಲ."

"ಮೂವತ್ತೈದು ವರ್ಷ ಆಯ್ತು ನಿಕಾ ಆಗಿ. ನನ್ನ ಹಣೆ ಮೇಲೆ ಒಂದ್ ಸಲಾನೂ ಹಿಂಗೆ ಕೈ ಇಟ್ಟು ನೋಡ್ಲಿಲ್ಲ ನೀವು."

ಹಜರತ್ ಅಲಿ ನಕ್ಕರು. ನಗು ಮುಗಿಯುವ ಮೊದಲೇ ಕಣ್ಣು ಹಿಂಬಾಗಿಲ ಕಡೆ ಹೋಯಿತು.

ಅರವತ್ತರ ಹೊಸ್ತಿಲಲ್ಲಿರುವ ಈ ಮನುಷ್ಯ ಹುಟ್ಟಾ ಲಾರಿ ಮೇಸ್ತ್ರಿ. ಅವರ ತಂದೆ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಕಾಯಿಸಿದ ಪಟ್ಟಿಯ ಮೇಲೆ ನೀರು ಬಿದ್ದಾಗ ಏಳುತ್ತಿದ್ದ ಹೊಗೆಯಲ್ಲಿ ಬೆಳೆದ ಮಗ ಇಂಜಿನ್ನಿನ ಕಡೆ ತಿರುಗಿದ. ತೆಂಗಿನಕಾಯಿ ಹೊರುವ ಲಾರಿ, ಬೋರ್‌ವೆಲ್ ಕೊರೆಯುವ ಗಾಡಿ, ಗಣಿಯ ಟಿಪ್ಪರು, ಎಲ್ಲವೂ ಆ ಶೆಡ್ಡಿಗೆ ಬಂದು ಹೋಗಿವೆ. ಅಲಿ ಸಾಬರು ಕಟ್ಟಿದ ಇಂಜಿನ್ನು ಹಗ್ಗ ಕಟ್ಟಿಸಿಕೊಂಡು ವಾಪಸು ಬರುವುದಿಲ್ಲ ಎಂಬ ಮಾತು ಡ್ರೈವರುಗಳ ಬಾಯಲ್ಲಿ ಚಿತ್ರದುರ್ಗದಿಂದ ಆಚೆಗೂ ಹೋಗಿತ್ತು. ಆ ಮಾತಿಗೆ ಕಾರಣ ಅವರ ಬಿಗಿ. ಪಿಸ್ಟನ್ನಿಗೂ ಅದು ಏರಿಳಿಯುವ ಸಿಲಿಂಡರಿಗೂ ನಡುವೆ ಅವರು ಬಿಡುತ್ತಿದ್ದ ಸಂದು ಎಷ್ಟು ಕಡಿಮೆಯೆಂದರೆ, ಅವರ ಇಂಜಿನ್ನು ಚಾಲೂ ಆದಾಗ ಒಂದು ಸದ್ದೂ ಪಕ್ಕಕ್ಕೆ ಸಿಡಿಯುತ್ತಿರಲಿಲ್ಲ. ಇಂಜಿನ್ ಕಟ್ಟಿದ ಮೇಲೆ ಮೊದಲ ಲೋಡಿಗೆ ಅವರೂ ಗಾಡಿ ಹತ್ತುತ್ತಿದ್ದರು. ಬರಿಗಾಡಿ ಓಡಿಸಿದ್ದು ಅವರಿಗೆ ಪರೀಕ್ಷೆಯೇ ಅಲ್ಲ. ಪೂರ್ತಿ ಮಾಲು ತುಂಬಿಸಿ, ಡ್ರೈವರನ ಪಕ್ಕದಲ್ಲಿ ಕೂತು, ಐಮಂಗಲ ದಾಟಿ ದುರ್ಗಕ್ಕೆ ಹೋಗಿ ಬರುವ ತನಕ ಮಾಲೀಕನಿಗೆ 'ಆಯ್ತು' ಎನ್ನುತ್ತಿರಲಿಲ್ಲ. ನಾನು ಕೂರದ ಗಾಡಿಯಲ್ಲಿ ಇನ್ನೊಬ್ಬರ ಮಗ ಯಾಕೆ ಕೂರಬೇಕು ಎನ್ನುವುದು ಅವರ ವಾದ.

ಈಗ ಶೆಡ್ಡಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿದ್ದು ದೋಣಿಯ ಇಂಜಿನ್ನು.

ಆ ವರ್ಷ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಿತ್ತು. ಕೊಬ್ಬರಿ ವ್ಯಾಪಾರಿ ಲಕ್ಷ್ಮೀಕಾಂತ್ ಹಿನ್ನೀರಿನಲ್ಲಿ ದೋಣಿ ಆಡಿಸುವ ಗುತ್ತಿಗೆ ಹಿಡಿದಿದ್ದ. ನೋಡಲು ಬರುವ ಜನಕ್ಕೆ ಕಾಲಿನಲ್ಲಿ ತುಳಿಯುವ ಹತ್ತು ದೋಣಿ. ಹೊಸದುರ್ಗದ ಕಡೆಯಿಂದ ಗಾಳಿ ಎದ್ದರೆ ಅವು ಬಾತುಕೋಳಿಗಳ ಹಾಗೆ ಕೋಡಿಯತ್ತ ಸರಿಯುತ್ತವೆ. ಎಷ್ಟು ತುಳಿದರೂ ತಿರುಗುವುದಿಲ್ಲ. ಹಾಗೆ ಸರಿದವರನ್ನು ಬೆನ್ನಟ್ಟಿ ಹಿಡಿದು ತರಲು ಅವನು ಕರಾವಳಿಯಿಂದ ಒಂದು ಹಳೆಯ ಪಂದ್ಯದ ಮೋಟಾರು ದೋಣಿ ತಂದಿದ್ದ. ಎರಡೇ ದಿನಕ್ಕೆ ಅದು ನಿಂತಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಸಮುದ್ರದ ಉಪ್ಪು ತಿಂದ ತೂತುಗಳು. ಇಂಜಿನ್ನನ್ನು ಕಳಚಿ ತೆಂಗಿನಕಾಯಿ ಲಾರಿಯಲ್ಲಿ ಹೇರಿಸಿ ತಂದವನು ಹೇಳಿದ್ದಿಷ್ಟು:

"ದಸರಾ ರಜೆಗೆ ತುಳಿಯೋ ದೋಣಿ ಬಿಡ್ಬೇಕು ಮೇಸ್ತ್ರಿ. ಇದು ನಂಬಿಕೆಗೆ ಬಂದ್ರೆ ಬಿಡ್ತೀನಿ, ಇಲ್ಲಾಂದ್ರೆ ಬಿಡಲ್ಲ. ನೀವು ಹೂಂ ಅಂದ್ರೆ ಹೂಂ."

ಅಂದಿನಿಂದ ಹಜರತ್ ಅಲಿಯವರಿಗೆ ಕೂತಲ್ಲಿ ಕೂರಲಾಗದ ಹಾಗಾಯಿತು. ಲಾರಿ ನಿಂತರೆ ರಸ್ತೆಯ ಪಕ್ಕಕ್ಕೆ ತಳ್ಳಿ ಬೀಡಿ ಹಚ್ಚಬಹುದು. ಕೋಡಿಯ ಸೆಳೆತದಲ್ಲಿ ನಿಂತ ದೋಣಿಯನ್ನು ತಳ್ಳಲು ಪಕ್ಕವೇ ಇಲ್ಲ.

ಇಂಜಿನ್ನಿನ ನೆತ್ತಿಯ ಮೇಲೆ ಸೂಪರ್‌ಚಾರ್ಜರ್ ಎಂಬ ಇನ್ನೊಂದು ಯಂತ್ರ ಕೂತಿತ್ತು. ಲಾರಿಯ ಟರ್ಬೊ ಹೊಗೆಯ ರಭಸಕ್ಕೆ ತಿರುಗುತ್ತದೆ. ಇದನ್ನು ಇಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತದೆ. ತಿರುಗಿದಷ್ಟೂ ಅದು ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬುತ್ತದೆ, ಬೆಂಕಿ ಹೆಚ್ಚುತ್ತದೆ. ಅವರು ಅದನ್ನೂ ಬಿಚ್ಚಿ, ಬೇರಿಂಗು ಬದಲಿಸಿ, ಬೆರಳಲ್ಲಿ ತಿರುಗಿಸಿ, ಸದ್ದು ಕೇಳಿ ಕೂರಿಸಿದ್ದರು. ಸಿಲಿಂಡರ್ ಕೊರೆಸಲು ಇಂಜಿನ್ನಿನ ಒಡಲನ್ನು ಚಿತ್ರದುರ್ಗದ ಕೊಟ್ರೇಶನ ಲೇತಿಗೆ ಒಯ್ದಿದ್ದರು. ಹೊಸ ಪಿಸ್ಟನ್ನುಗಳ ಡಬ್ಬಿಯಲ್ಲಿ ಒಂದು ಕಾಗದವಿತ್ತು. ಕೊಟ್ರೇಶ ಅದನ್ನು ಬೆಳಕಿಗೆ ಹಿಡಿದು ಓದಿದ.

"ಏಳು ಥೌ ಸಂದು ಬಿಡ್ಬೇಕು ಅಂತ ಬರ್ದವ್ರೆ ಮಾಮ."

ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಹಜರತ್ ಅಲಿಯವರ ಮುಖ ಹುಳ್ಳಗಾಯಿತು.

"ಏಳಾ? ಅದೇನು ಸಂದೋ, ಕೋಟೆ ಬಾಗಿಲೋ? ಮೂರು ಬಿಡು."

"ಕಾಗದ್ದಾಗೆ..."

"ಕಾಗದ ಬರ್ದೋನು ಗಾಡಿ ಹತ್ತಿ ಬರ್ತಾನೇನಲೇ ಕೊಟ್ರೇಶ? ಹತ್ತೋನು ನಾನು. ಮೂರು."

ಕೊಟ್ರೇಶ ಮೂರೇ ಬಿಟ್ಟ. ಶೆಡ್ಡಿನಲ್ಲಿ ಡ್ರಮ್ಮಿನ ನೀರು ಹಾಯಿಸಿ ಓಡಿಸಿದಾಗ ಇಂಜಿನ್ನು ರೇಷ್ಮೆ ಹರಿದ ಹಾಗೆ ಓಡಿತು. ಆದರೂ ಅವರು ಊಟದ ನಡುವೆ ಎದ್ದೆದ್ದು ಹೋಗುತ್ತಿದ್ದರು. ಹೊರೆ ಇಲ್ಲದ ಇಂಜಿನ್ನು ಸಂತೆಯಲ್ಲಿ ಮಾತಾಡುವ ಮನುಷ್ಯನ ಹಾಗೆ. ಅವನ ನಿಜ ತಿಳಿಯುವುದು ಬೇರೆ ಕಡೆ.

ಇಂಜಿನ್ನನ್ನು ದೋಣಿಗೆ ಕೂರಿಸಿದ ದಿನ ಮಾರಿಕಣಿವೆಯ ದಡದಲ್ಲಿ ಓಬಳೇಶಪ್ಪ ಕಾಯುತ್ತಿದ್ದ. ಐವತ್ತರ ಆಸುಪಾಸಿನ ಮೀನುಗಾರ. ಈ ನೀರಿನಲ್ಲೇ ಹುಟ್ಟಿದವನ ಹಾಗೆ ಇದ್ದ. ದೋಣಿ ಓಡಿಸುವ ಕೆಲಸ ಅವನದು. ಆರು ಜನರ ತೂಕಕ್ಕೆ ಸರಿಯಾಗಿ ತೆಂಗಿನಕಾಯಿ ಮೂಟೆಗಳನ್ನು ತುಂಬಿಸಿಟ್ಟಿದ್ದ. ಹಜರತ್ ಅಲಿ ಲೈಫ್ ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟು ಬಂದರು.

"ಸಾಬ್ರೆ, ಹಿಂಗೆ ಹಾಕ್ಕೊಂಡ್ರೆ ಮಕಾಡೆ ತೇಲ್ತೀರಿ. ತಿರುಗಿಸ್ರಿ ಅದನ್ನ. ಈಜು ಬರ್ತೈತೆ ತಾನೆ?"

"ವೇದಾವತಿಲಿ ಮೊಣಕಾಲುದ್ದ ನೀರು ನೋಡಿ ಬೆಳ್ದೋನು ನಾನು. ಎಲ್ಲಿಂದ ಬರ್ಬೇಕು?"

"ಹಂಗಾದ್ರೆ ದಡದಾಗೆ ಕುಂತ್ಕಳ್ರಿ. ನಾನು ಒಂದ್ ಸುತ್ತು ಹಾಕ್ಕೊಂಡು ಬಂದು ಹೇಳ್ತೀನಿ."

"ಮೊದಲ ಲೋಡಿಗೆ ನಾನು ಹತ್ತದೆ ಇದ್ದಿದ್ದಿಲ್ಲ. ಹೋಗಾಣ ನಡಿ."

ದೋಣಿ ಮೂಗೆತ್ತಿ ಹಾರಿತು. ನೀರು ಕಲ್ಲಿನ ಹಾಗೆ ತಳಕ್ಕೆ ಬಡಿಯಿತು. ಹಜರತ್ ಅಲಿ ಎರಡೂ ಕೈಯಲ್ಲಿ ಸರಳು ಹಿಡಿದು, ಕಿವಿಯನ್ನು ಮಾತ್ರ ಇಂಜಿನ್ನಿಗೆ ಕೊಟ್ಟು ಕೂತರು. ಐದು ನಿಮಿಷ, ಹತ್ತು ನಿಮಿಷ. ಏನೋ ಸರಿಯಿಲ್ಲ ಎನಿಸಿತು. ಇಂಜಿನ್ನಿನ ಸದ್ದು ಸರಿಯಾಗಿಯೇ ಇತ್ತು. ಮತ್ತೇನು? ಹದಿನೈದನೇ ನಿಮಿಷಕ್ಕೆ ತಮ್ಮ ಬಲಗಾಲು ತಾನಾಗಿ ಎದ್ದೆದ್ದು ಇಳಿಯುತ್ತಿರುವುದು ಅವರ ಗಮನಕ್ಕೆ ಬಂತು. ಲಾರಿಯಲ್ಲಿ ಏರು ಮುಗಿದ ಕೂಡಲೇ ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಾನೆ. ಇಲ್ಲಿ ಯಾರೂ ಕಾಲು ಎತ್ತುತ್ತಿರಲಿಲ್ಲ.

"ಸ್ವಲ್ಪ ಕಡಿಮೆ ಮಾಡು ಓಬಳೇಶಪ್ಪ," ಎಂದು ಕೂಗುವಷ್ಟರಲ್ಲಿ ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಸದ್ದು ಬಂತು. ಇಂಜಿನ್ನು ನಿಂತಿತು. ದೋಣಿ ಮುಂದಕ್ಕೆ ಮುಗ್ಗರಿಸಿ, ತೇಲಿತು.

ಇಷ್ಟು ನಿಶ್ಶಬ್ದವನ್ನು ಅವರು ಯಾವ ರಸ್ತೆಯಲ್ಲೂ ಕೇಳಿರಲಿಲ್ಲ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಬಿರುಸಾಗಿ ಸುತ್ತುತ್ತಿದ್ದವು. ಓಬಳೇಶಪ್ಪ ಅವುಗಳ ಕಡೆ ಒಮ್ಮೆ ನೋಡಿ, ಹಗ್ಗ ಕಟ್ಟಿದ ಕಲ್ಲನ್ನು ನೀರಿಗೆ ಬಿಟ್ಟ. ಕಲ್ಲು ತಳದಲ್ಲಿ ಎಳೆದುಕೊಂಡು ಬಂತು, ನಿಲ್ಲಲಿಲ್ಲ. ಎಡಗಡೆ ಕೋಡಿಯ ಮೊರೆತ ಮೊದಲು ಗಾಳಿಯ ಹಾಗೆ ಕೇಳುತ್ತಿದ್ದುದು ಈಗ ನೀರಿನ ಹಾಗೆ ಕೇಳತೊಡಗಿತು. ಹಜರತ್ ಅಲಿಯವರ ತುಟಿ ದುವಾ ಹೇಳುತ್ತಿತ್ತು. ಯಾವುದೋ ಮುಳುಗಿದ ಮರದ ಕೊರಡಿಗೆ ಕಲ್ಲು ಸಿಕ್ಕಿ ಹಗ್ಗ ಬಿಗಿಯಿತು. ದೋಣಿ ಅಲ್ಲಿ ಅರ್ಧ ತಾಸು ಗಾಳಿಗೆ ತಲೆ ಅಲ್ಲಾಡಿಸುತ್ತ ನಿಂತಿತ್ತು. ಹರಿಗೋಲಿನವರು ಇಬ್ಬರು ಬಂದು ದಡಕ್ಕೆ ಎಳೆದರು.

ದಡದಲ್ಲಿ ಲಕ್ಷ್ಮೀಕಾಂತ್ ಬೆವರುತ್ತ ನಿಂತಿದ್ದ. ಅವರಿಬ್ಬರ ಮುಖ ನೋಡಿ ಅವನಿಗೇ ಅಳು ಬರುವಂತಾಗಿತ್ತು.

"ಪೆಟ್ರೋಲ್ ಸರಿ ಇರ್ಲಿಲ್ಲ ಮೇಸ್ತ್ರಿ. ಕ್ಯಾನು ಬಿಸಿಲಾಗೆ ಇಟ್ಟಿದ್ರು. ಅದೇ ಇರ್ಬೇಕು. ನಿಮ್ಮ ಕೆಲ್ಸದ ಮಾತೇ ಅಲ್ಲ."

ತಪ್ಪಿಸಿಕೊಳ್ಳಲು ದೊಡ್ಡ ಬಾಗಿಲೊಂದು ತೆರೆದುಕೊಂಡಿತ್ತು. ಹೂಂ ಎಂದರೆ ಸಾಕಿತ್ತು. ಹೆದ್ದಾರಿಯಲ್ಲಿ ಅವರ ಇಂಜಿನ್ನಿನ ಬಗೆಗಿನ ಮಾತು ಹಾಗೇ ಉಳಿಯುತ್ತಿತ್ತು. ಹಜರತ್ ಅಲಿ ಒದ್ದೆಯಾದ ಟೋಪಿ ಹಿಂಡಿದರು.

"ಬಿಚ್ಚಿ ನೋಡ್ದೆ ಏನೂ ಹೇಳಲ್ಲ ಸಾವ್ಕಾರ್ರೆ."

ಮರುದಿನ ಬಿಚ್ಚಿದರು. ಪೆಟ್ರೋಲಿನ ದೋಷವಾಗಿದ್ದರೆ ಪಿಸ್ಟನ್ನಿನ ತಲೆ ಸುಟ್ಟಿರಬೇಕಿತ್ತು. ತಲೆ ಶುದ್ಧವಾಗಿತ್ತು. ಮೈಯ ನಾಲ್ಕು ಕಡೆ ಮಾತ್ರ ಉಗುರಿನಲ್ಲಿ ಕೆರೆದ ಹಾಗೆ ಗಾಯ. ಅಂದರೆ ಪಿಸ್ಟನ್ನು ಹಿಗ್ಗಿ ಗೋಡೆಗೆ ಒತ್ತಿಕೊಂಡಿದೆ. ಆದರೆ ಲಾರಿಯಲ್ಲೂ ಪಿಸ್ಟನ್ನು ಹಿಗ್ಗುತ್ತದೆ, ಮೂರು ಥೌ ಅಲ್ಲಿ ಸಾಲುತ್ತದೆ. ಇಲ್ಲಿ ಯಾಕೆ ಸಾಲಲಿಲ್ಲ? ಅವರು ಶೆಡ್ಡಿನಿಂದ ಮನೆಗೆ, ಮನೆಯಿಂದ ಶೆಡ್ಡಿಗೆ ನಡೆದರು. ರಸ್ತೆಗೆ ಹೋಗಿ ಏರು ಹತ್ತಿ ಬರುವ ಲಾರಿಗಳನ್ನು ನೋಡುತ್ತ ನಿಂತರು. ಲಾರಿಯ ರೇಡಿಯೇಟರಿನಲ್ಲಿ ಅದೇ ನೀರು ಸುತ್ತಿ ಸುತ್ತಿ ಕುದಿಯುವಂತಾಗುತ್ತದೆ. ಪಿಸ್ಟನ್ನು ಹಿಗ್ಗಿದರೆ ಗೋಡೆಯೂ ಜೊತೆಗೆ ಹಿಗ್ಗಿ ಜಾಗ ಕೊಡುತ್ತದೆ. ಈ ದೋಣಿಗೆ ರೇಡಿಯೇಟರ್ ಇಲ್ಲ. ಅದು ಕೆರೆಯ ನೀರನ್ನೇ ಹೀರಿ, ಹಾಯಿಸಿ, ಹೊರಗೆ ಚೆಲ್ಲುತ್ತದೆ. ಗಳಿಗೆಗಳಿಗೆಗೂ ಹೊಸ ತಣ್ಣೀರು.

ಅವರು ಅಡುಗೆಮನೆಗೆ ನುಗ್ಗಿ ದೊಡ್ಡ ಪಾತ್ರೆಗೆ ಕೈ ಹಾಕಿದರು.

"ಅಜೀ! ಅದು ಈದಿನ ದಾಲ್ಚಾ ಪಾತ್ರೆ!" ಎಂದು ಅಮೀನಾ ಬೀ ಕೂಗಿದರು.

"ಒಂದೇ ಗಳಿಗೆ ಕೊಡು."

"ಏನ್ ಬೇಯಿಸ್ತೀರಿ ಅದ್ರಾಗೆ?"

"ಪಿಸ್ಟನ್ನು."

ಅಮೀನಾ ಬೀ ಸೆರಗು ಬಾಯಿಗೆ ಇಟ್ಟುಕೊಂಡರು. ನಗಬೇಕೋ ಅಳಬೇಕೋ ಅವರಿಗೆ ತಿಳಿಯಲಿಲ್ಲ. ಆದರೂ ಒಲೆ ಹಚ್ಚಿದವರು ಅವರೇ. ಗಾಯವಿಲ್ಲದೆ ಉಳಿದಿದ್ದ ಒಂದೇ ಪಿಸ್ಟನ್ನು ಕುದಿಯುವ ನೀರಿನಲ್ಲಿ ಕಾಲು ತಾಸು ಬೆಂದಿತು. ಅದರ ಸಿಲಿಂಡರಿಗೆ ಹಜರತ್ ಅಲಿ ಕೊಳಾಯಿ ನೀರು ಹಾಯಿಸುತ್ತಲೇ ಇದ್ದರು. ಬಳಿಕ ಬಟ್ಟೆಯಲ್ಲಿ ಹಿಡಿದು ಬಿಸಿ ಪಿಸ್ಟನ್ನನ್ನು ತಣ್ಣನೆಯ ಸಿಲಿಂಡರಿನ ಬಾಯಿಗೆ ಇಟ್ಟರು. ಬೆಳಿಗ್ಗೆ ಬೆರಳ ತುದಿಗೆ ಜಾರಿ ಇಳಿದಿದ್ದು ಈಗ ಬಾಯಲ್ಲೇ ಕೂತುಬಿಟ್ಟಿತು. ಒತ್ತಿದರೂ ಕದಲಲಿಲ್ಲ.

ಅವರು ನೆಲದ ಮೇಲೆ ಕೂತರು. ಬರೀ ಕುದಿನೀರಿಗೇ ಹೀಗಾದರೆ ಬೆಂಕಿಗೆ ಹೇಗೆ? ಅದೂ ಎಡೆಬಿಡದ ಬೆಂಕಿ.

"ರಸ್ತೆಗೆ ಏರೂ ಐತೆ, ಇಳಿಜಾರೂ ಐತೆ ಅಮೀನಾ. ನೀರಿನ ಮೇಲೆ ಇಳಿಜಾರಿಲ್ಲ. ದಡ ಬಿಟ್ಟಾಗಿಂದ ದಡ ಮುಟ್ಟೋವರೆಗೂ ಏರೇ. ನಾನು ಲಾರಿ ಕಟ್ಟಿ ನೀರಿಗೆ ಬಿಟ್ಟೆ."

"ಆ ಕಾಗದದಾಗೆ ಇದೆಲ್ಲ ಬರ್ದಿರ್ಲಿಲ್ಲವಾ?"

"ಬರ್ದಿತ್ತು," ಎಂದರು ಹಜರತ್ ಅಲಿ. ಅವರ ಧ್ವನಿ ಸಣ್ಣದಾಗಿತ್ತು. "ನಾನು ಓದಿಸ್ಕೊಂಡು, ಬ್ಯಾಡ ಅಂದೆ."

ಆ ಸಂಜೆಯೇ ಲಕ್ಷ್ಮೀಕಾಂತನ ಕೊಬ್ಬರಿ ಮಂಡಿಗೆ ಹೋಗಿ, ಕೆಲಸದವರೆಲ್ಲ ಕೇಳುವಂತೆ ಹೇಳಿದರು: "ಪೆಟ್ರೋಲ್ ಸರಿ ಇತ್ತು ಸಾವ್ಕಾರ್ರೆ. ತಪ್ಪು ನಂದು. ಇನ್ನೊಂದ್ ಸಲ ಕಟ್ತೀನಿ. ಆಮೇಲೂ ಸರಿ ಬರ್ದಿದ್ರೆ ದೋಣಿ ಬಿಡಬ್ಯಾಡ್ರಿ ಅಂತ ನಾನೇ ಹೇಳ್ತೀನಿ."

ಒಂದು ಸೈಜು ದೊಡ್ಡ ಪಿಸ್ಟನ್ನುಗಳು ಬರಲು ಎಂಟು ದಿನ ಹಿಡಿಯಿತು. ಕೊಟ್ರೇಶ ಕೊರೆಯುವ ಮೊದಲು ಅವರ ಮುಖ ನೋಡಿದ.

"ಎಷ್ಟು ಬಿಡಾಣ ಮಾಮ?"

"ಕಾಗದ್ದಾಗೆ ಎಷ್ಟೈತೋ ಅಷ್ಟು."

"ಕೋಟೆ ಬಾಗಿಲಾ?"

"ಬಾಯಿ ಮುಚ್ಕೊಂಡು ಕೊರಿಯಲೇ."

ಹೊಸದಾಗಿ ಕಟ್ಟಿದ ಇಂಜಿನ್ನು ಶೆಡ್ಡಿನಲ್ಲಿ ಚಾಲೂ ಆದಾಗ ಕಟಕಟ ಎಂದಿತು. ತಣ್ಣಗಿರುವಾಗ ಸಡಿಲ ಪಿಸ್ಟನ್ನು ಗೋಡೆಗೆ ಬಡಿಯುವ ಸದ್ದು. ಆ ಸದ್ದನ್ನು ತೆಗೆಯುವುದಕ್ಕಾಗಿಯೇ ಅವರು ನಲವತ್ತು ವರ್ಷ ಬೆನ್ನು ಬಗ್ಗಿಸಿದ್ದರು. ಚಹಾಕ್ಕೆ ನಿಂತ ಡ್ರೈವರೊಬ್ಬ ಇಣುಕಿ, "ಏನ್ ಸಾಬ್ರೆ, ಭತ್ತ ಕುಟ್ಟೋ ಮಿಲ್ ಹಾಕಿದ್ರಾ?" ಎಂದ. ಹಜರತ್ ಅಲಿಯವರ ಕೈ ತಾನಾಗಿ ಸ್ಪ್ಯಾನರ್ ಹುಡುಕಿತು. ಅದನ್ನು ಜೇಬಿಗೆ ತುರುಕಿಕೊಂಡು ನಿಂತರು. ಐದು ನಿಮಿಷಕ್ಕೆ ಇಂಜಿನ್ನು ಬೆಚ್ಚಗಾಗಿ ಸದ್ದು ಇಳಿಯಿತು. ಅವರ ಅಳುಕು ಇಳಿಯಲಿಲ್ಲ.

ನೀರಿನ ಮೇಲೆ ಮೂರು ದಿನ ಪರೀಕ್ಷೆ ನಡೆಯಿತು. ಅದೇ ಮೂಟೆಗಳು, ಅದೇ ಓಬಳೇಶಪ್ಪ. ಈ ಸಲ ಒಂದು ಹರಿಗೋಲು ಹಿಂದೆಯೇ ಇರಬೇಕೆಂದು ಅವನು ಹಟ ಹಿಡಿದಿದ್ದ. ಮೊದಲ ದಿನ ಅರ್ಧ ವೇಗ. ಎರಡನೇ ದಿನ ಪೂರ್ತಿ ವೇಗದಲ್ಲಿ ಒಂದು ತಾಸು, ದಡಕ್ಕೆ ಬಂದು ಆಯಿಲ್ ನೋಡಿ, ಮತ್ತೆ ಒಂದು ತಾಸು. ಆಯಿಲ್ಲಿನಲ್ಲಿ ಕಬ್ಬಿಣದ ಹೊಳಪು ಕಾಣುತ್ತದೆಯೇ ಎಂದು ಹಜರತ್ ಅಲಿ ಬಿಳಿ ಬಟ್ಟೆಯ ಮೇಲೆ ಹನಿ ಬಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಕಾಣಲಿಲ್ಲ. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಓಬಳೇಶಪ್ಪನಿಗೆ ಸಾಕಾಗಿತ್ತು.

"ಬಂಡೆ ಇದ್ದಂಗೈತೆ ಸಾಬ್ರೆ ಇಂಜಿನ್ನು. ಇನ್ನೇನ್ ನೋಡ್ತೀರಿ?"

"ಕೋಡಿ ಕಡೆ ಬಿಡು. ದಾಟಬಾರ್ದು ಅಂತ ತೇಲುಬುರುಡೆ ಕಟ್ಟಿದಾರಲ್ಲ, ಅದರ ಹತ್ರ."

"ಅಲ್ಲಿ ಏನೈತೆ?"

"ಅಲ್ಲಿ ನಿಲ್ಸು. ಜನ ಸಿಕ್ಕೊಳ್ಳೋದು ಅಲ್ಲೇ ತಾನೆ? ಅವರಿಗೆ ಹಗ್ಗ ಕಟ್ಬೇಕಾದ್ರೆ ನೀನು ಇಂಜಿನ್ನು ಬಂದ್ ಮಾಡ್ತೀಯ. ಕಟ್ಟಿದ ಮೇಲೆ ಇದು ಹತ್ಕೊಳ್ಳಿಲ್ಲ ಅಂದ್ರೆ?"

ಓಬಳೇಶಪ್ಪ ದೋಣಿಯನ್ನು ಅತ್ತ ಬಿಟ್ಟ. ತೇಲುಬುರುಡೆಗಳ ಸಾಲಿನ ಬಳಿ ಇಂಜಿನ್ನು ನಿಲ್ಲಿಸಿದ. ಕೋಡಿಯ ಮೊರೆತ ದೋಣಿಯ ಒಳಗೇ ಬಂದು ಕೂತಿತು. ಮೂರು ನಿಮಿಷ ಕಾಯಬೇಕೆಂದು ಹಜರತ್ ಅಲಿ ಗಡಿಯಾರ ಹಿಡಿದಿದ್ದರು. ದೋಣಿ ಮೆಲ್ಲಗೆ ಸರಿಯುತ್ತಿತ್ತು.

"ಈಗ."

ಇಂಜಿನ್ನು ತಿರುಗಿತು, ಹತ್ತಿಕೊಳ್ಳಲಿಲ್ಲ. ಓಬಳೇಶಪ್ಪನ ಎಡಗೈ ಹಗ್ಗ ಕಟ್ಟಿದ ಕಲ್ಲಿನ ಮೇಲೆ ಹೋಯಿತು. ಮತ್ತೆ ತಿರುಗಿಸಿದ. ಕೆಮ್ಮಿ, ಕೆಮ್ಮಿ, ಹತ್ತಿಕೊಂಡಿತು.

"ಅಬ್ಬಾ, ನಮ್ಮಪ್ಪ!" ಎಂದು ಅವನು ದೋಣಿ ತಿರುಗಿಸಿದ.

ಹಜರತ್ ಅಲಿ ಆಗಲೇ ಮುಚ್ಚಳ ತೆಗೆದು ಇಂಜಿನ್ನಿನ ಮೇಲೆ ಬಗ್ಗಿದ್ದರು. ಪೆಟ್ರೋಲಿನ ಕೊಳವೆಗೆ ಬೆರಳು ತಾಗಿಸಿ ಹಿಂದೆಗೆದರು. ಹೊಗೆ ಕೊಳವೆಯ ಪಕ್ಕದಲ್ಲೇ ಅದು ಹಾದಿತ್ತು. ಓಡುವಾಗ ತೊಂದರೆಯಿಲ್ಲ, ನಿಂತಾಗ ಒಳಗಿನ ಪೆಟ್ರೋಲ್ ಕಾದು ಆವಿಯಾಗುತ್ತದೆ. ದಡಕ್ಕೆ ಬಂದು ಕೊಳವೆಯನ್ನು ಬೇರೆ ದಾರಿಗೆ ತಿರುಗಿಸಿ ಕಟ್ಟಿದರು.

"ಈಗ ಮತ್ತೆ ಅಲ್ಲಿಗೇ ಹೋಗಾಣ."

"ನಿಮಗೆ ಈಜು ಬರಲ್ಲ ಸಾಬ್ರೆ!"

"ಅದಕ್ಕೇ ಹೋಗಾಣ ಅಂತಿರೋದು."

ಹೋದರು. ನಿಲ್ಲಿಸಿದರು, ಕಾದರು, ತಿರುಗಿಸಿದರು. ಮೊದಲ ಸಲಕ್ಕೇ ಹತ್ತಿಕೊಂಡಿತು. ಹಾಗೆ ಏಳು ಸಲ. ನಾಲ್ಕನೆಯ ಸಲದಿಂದ ಓಬಳೇಶಪ್ಪ ಬೈಯುವುದನ್ನು ಬಿಟ್ಟ. ಐದನೆಯ ಸಲ ತಾನೇ ಐದು ನಿಮಿಷ ಕಾದ.

ದಡದಲ್ಲಿ ಲಕ್ಷ್ಮೀಕಾಂತ್ ಸೋಡಾ ಬಾಟಲಿ ಹಿಡಿದು ನಿಂತಿದ್ದ. ರಜೆಗೆ ಎರಡೇ ದಿನ ಉಳಿದಿತ್ತು.

"ಗ್ಯಾರಂಟಿನಾ ಮೇಸ್ತ್ರಿ? ಒಂದ್ ಮಾತು ಹೇಳ್ಬಿಡ್ರಿ."

ಹಜರತ್ ಅಲಿ ಸೋಡಾ ತೆಗೆದುಕೊಂಡರು, ಕುಡಿಯಲಿಲ್ಲ. ಹಿಂದೆಲ್ಲ ಈ ಪ್ರಶ್ನೆಗೆ ಅವರ ಬಳಿ ಒಂದೇ ಪದವಿತ್ತು. ಅದು ಈಗ ನಾಲಗೆಗೆ ಬರಲಿಲ್ಲ.

"ಗ್ಯಾರಂಟಿ ಅನ್ನಲ್ಲ. ನನಗೆ ಗೊತ್ತಿರೋದು ಹೇಳ್ತೀನಿ. ಹದಿನಾಲ್ಕು ತಾಸು ಓಡೈತೆ, ಆರು ತಾಸು ಪೂರ್ತಿ ವೇಗದಾಗೆ. ಆಯಿಲ್ಲಾಗೆ ಕಬ್ಬಿಣ ಇಲ್ಲ. ಬಿಸಿ ಇದ್ದಾಗ್ಲೇ ಬಂದ್ ಮಾಡಿ ಎಂಟು ಸಲ ಚಾಲೂ ಮಾಡೀವಿ, ಒಂದ್ ಸಲ ಸತಾಯಿಸ್ತು, ಅದರ ಕಾರಣ ಸಿಕ್ತು. ಇದರಾಚೆ ನನಗೆ ಗೊತ್ತಿಲ್ಲ."

"ಅಂದ್ರೆ... ಬಿಡಬೌದಾ?"

"ಬಿಡ್ರಿ. ಆದ್ರೆ ತಣ್ಣಗಿದ್ದಾಗ ಇದನ್ನ ಜೋರಾಗಿ ಓಡಿಸ್ಬಾರ್ದು. ಯಾರೋ ಕೂಗ್ಕೊಂಡಾಗ ಐದು ನಿಮಿಷ ಕಾಯಿಸಾಕೆ ಆಗಲ್ಲ. ಅದಕ್ಕೆ ಜನ ನೀರಿನ ಮೇಲಿರೋವರೆಗೂ, ಅರ್ಧ ತಾಸಿಗೊಮ್ಮೆ ಚಾಲೂ ಮಾಡಿ ಬೆಚ್ಚಗಿಟ್ಟಿರ್ಬೇಕು. ಒಂದ್ ಸಲ ತಪ್ಪಿದ್ರೂ ಆವತ್ತು ತುಳಿಯೋ ದೋಣಿ ಬಿಡಬ್ಯಾಡ್ರಿ."

"ಅರ್ಧ ತಾಸಿಗೊಮ್ಮೆ? ದಿನಾ? ಯಾರ್ ಕುಂತ್ಕತಾರೆ ಮೇಸ್ತ್ರಿ?"

ಓಬಳೇಶಪ್ಪ ಮೂಟೆ ಇಳಿಸುತ್ತಿದ್ದವನು ತಿರುಗಿ ನೋಡಿದ. "ನಾನ್ ಕುಂತ್ಕತೀನಿ ಬಿಡ್ರಿ. ಈ ಸಾಬ್ರ ಜೊತೆ ಮೂರ್ ದಿನ ಕುಂತೋನಿಗೆ ಅದ್ಯಾವ ಕಷ್ಟ?"

ಹಜರತ್ ಅಲಿ ಗಡಿಯಾರ ನೋಡಿಕೊಂಡರು. ಇಂಜಿನ್ನು ನಿಂತು ಇಪ್ಪತ್ತೆಂಟು ನಿಮಿಷವಾಗಿತ್ತು. ಸೋಡಾ ಬಾಟಲಿಯನ್ನು ಲಕ್ಷ್ಮೀಕಾಂತನ ಕೈಗೇ ಕೊಟ್ಟು, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ನೀರಿಗೆ ಇಳಿದು ದೋಣಿಯತ್ತ ನಡೆದರು.